65ರ ಬ್ರಯಾನ್ ಆಡಮ್ಸ್, ಮಿಕ್ಸರ್ ಪಕ್ಕ ನಿಂತು ಕೇಳಿದ್ದು

ನಾನು ತೀರ್ಥಹಳ್ಳಿ ಕಡೆಯವನು. ಗಣಪತಿ ಹಬ್ಬ ಬಂತೆಂದರೆ ಶಿವಮೊಗ್ಗ, ಸಾಗರ, ಹೊಸನಗರ ಅಂತ ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ. 2024ರ ಡಿಸೆಂಬರ್‌ನಲ್ಲಿ ಕೆನಡಾದ ರಾಕ್ ಗಾಯಕ ಬ್ರಯಾನ್ ಆಡಮ್ಸ್ ಕಾರ್ಯಕ್ರಮ ಕೊಡೋಕೆ ಬೆಂಗಳೂರಿಗೆ ಬರುತ್ತಾರೆ ಅಂತ ಗೊತ್ತಾದಾಗ ಹೋಗಲೇಬೇಕು ಅನಿಸಿದ್ದು ಬರೀ ಅಭಿಮಾನಕ್ಕಲ್ಲ. ಅವರು ಹುಟ್ಟಿದ್ದು 1959ರಲ್ಲಿ. ಅಷ್ಟೊತ್ತಿಗೆ 65 ತುಂಬಿತ್ತು. ಅದೂ ಆ ಒರಟು ಗಂಟಲು! ಅದೇ ದನಿಯಲ್ಲಿ ನಲವತ್ತು ವರ್ಷಕ್ಕೂ ಜಾಸ್ತಿ ಹಾಡಿದವರು ಈಗ ಹೇಗೆ ಹಾಡುತ್ತಾರೆ ಅನ್ನೋದನ್ನು ಕಣ್ಣಾರೆ ನೋಡಬೇಕಿತ್ತು.

ಡಿಸೆಂಬರ್ ಅಂದರೆ ನಮ್ಮಲ್ಲಿ ಅಡಿಕೆ ಕೊಯ್ಲು. ಆದರೂ ಅಣ್ಣ "ಹೋಗ್ ಬಾ ಮಾರಾಯ, ಕೊನೆ ತೆಗೆಯೋದು ನಾವು ನೋಡ್ಕೋತೀವಿ" ಅಂದ. ರಾತ್ರಿ ಬಸ್ಸಿಗೆ ಹೋಗಲಿಲ್ಲ. ನಿದ್ದೆಗೆಟ್ಟು ಹೋಗಿ ಗಂಟೆಗಟ್ಟಲೆ ನಿಲ್ಲೋದು ಆಗಲ್ಲ. ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿ ಹಿಡಿದರೆ ಮಧ್ಯಾಹ್ನದೊಳಗೆ ಬೆಂಗಳೂರು, ಮಲಗೋಕೂ ಸಮಯ ಸಿಗುತ್ತದೆ.

ಎಲ್ಲರೂ ಸ್ಟೇಜಿನ ಮುಂದೆ ನುಗ್ಗುತ್ತಾರೆ. ನಾನು ಹೋಗಲಿಲ್ಲ. ಸ್ಪೀಕರ್‌ಗಳನ್ನು ಸ್ಟೇಜಿನ ಎರಡೂ ಬದಿಗೆ ತೂಗುಹಾಕಿರುತ್ತಾರೆ. ತೀರಾ ಮುಂದೆ ನಿಂತರೆ ಡ್ರಮ್ಮೇ ಜಾಸ್ತಿ, ಹಾಡುವವರ ದನಿ ಸರಿಯಾಗಿ ಸಿಗೋದಿಲ್ಲ. ಮೈದಾನದ ನಡುವೆ ಸೌಂಡ್‌ನವರು ಮಿಕ್ಸರ್, ಅಂದರೆ ಎಲ್ಲ ಮೈಕು ವಾದ್ಯಗಳ ಸದ್ದು ಹೊಂದಿಸೋ ಯಂತ್ರ, ಇಟ್ಟುಕೊಂಡು ಕೂತಿರುತ್ತಾರಲ್ಲ, ಅವರು ಸೆಟ್ ಮಾಡೋದೇ ತಮ್ಮ ಕಿವಿಗೆ ಕೇಳಿದ ಹಾಗೆ, ಅದಕ್ಕೇ ಅವರ ಬೇಲಿಗೆ ತಾಗಿ ನಿಂತೆ, ಪದ ಪದವೂ ಬಿಡಿಸಿ ಕೇಳಿತು. ಜೇಬಿನಲ್ಲಿ ಇಯರ್‌ಪ್ಲಗ್ ಇತ್ತು. ಹಾಡೋರಿಗೆ ಕಿವಿಯೂ ಗಂಟಲಷ್ಟೇ ಮುಖ್ಯ, ಅಲ್ವಾ?

ನಾನು ಜಾಸ್ತಿ ನೋಡಿದ್ದು ದೊಡ್ಡ ಸ್ಕ್ರೀನಿನಲ್ಲಿ ಅವರ ಕುತ್ತಿಗೆಯನ್ನು. ದನಿ ಒರಟಾಗಿ ಬರಬೇಕಾದರೆ ಗಂಟಲು ಹಿಂಡಬೇಕು ಅಂತ ನಮ್ಮ ಹುಡುಗರು ತಿಳಿದಿದ್ದಾರೆ, ನರ ಉಬ್ಬಿಸಿ ಕೂಗಿ ಮೂರನೇ ಹಾಡಿಗೇ ಗಂಟಲು ಕಟ್ಟಿಸಿಕೊಳ್ಳುತ್ತಾರೆ. ಇವರಲ್ಲಿ ಅಂಥ ಹಿಂಡಾಟವೇ ಕಾಣಲಿಲ್ಲ. ಒಂದು ಹಾಡು ಶುರುವಾದಾಗ ಮೊದಲ ಸಾಲುಗಳನ್ನು ಪೂರ್ತಿ ಜನರಿಗೇ ಬಿಟ್ಟರು. ಇಡೀ ಮೈದಾನ ಹಾಡಿತು! ಕೀತ್ ಸ್ಕಾಟ್, ಎಂಬತ್ತರ ದಶಕದಿಂದಲೂ ಜೊತೆಗಿರುವ ಗಿಟಾರಿಸ್ಟ್, ಸೋಲೋ ಹಿಡಿದಾಗ ಆಡಮ್ಸ್ ಪಕ್ಕಕ್ಕೆ ಸರಿದು ಬರೀ ಗಿಟಾರ್ ಬಾರಿಸುತ್ತಿದ್ದರು. ಅಷ್ಟು ಹೊತ್ತು ಗಂಟಲಿಗೆ ವಿಶ್ರಾಂತಿ. ನಮ್ಮ ಯಕ್ಷಗಾನದ ಹಿರಿಯ ಭಾಗವತರು ಬೆಳಗಿನ ತನಕ ದನಿ ಉಳಿಸಿಕೊಳ್ಳುವ ರೀತಿ ನೆನಪಾಯಿತು. 1991ರಲ್ಲಿ ಬ್ರಿಟನ್ನಿನಲ್ಲಿ ಸತತ 16 ವಾರ ಮೊದಲ ಸ್ಥಾನದಲ್ಲಿದ್ದ ಪ್ರೇಮಗೀತೆ '(ಎವ್ರಿಥಿಂಗ್ ಐ ಡೂ) ಐ ಡೂ ಇಟ್ ಫಾರ್ ಯೂ' ಬಂದಾಗ ದನಿಯಲ್ಲಿ ಸುಸ್ತೇ ಇರಲಿಲ್ಲ. ಮೈ ಜುಮ್ಮೆಂದಿತು.

ಊರಿಗೆ ಬಂದವನೇ ನಾವೂ ಗಂಟಲು ಉಳಿಸಿಕೊಳ್ಳೋದು ಹೇಗೆ ಅಂತ ನಮ್ಮ ಕೀಬೋರ್ಡ್‌ನವರ ಹತ್ತಿರ ಕೂತೆ. ಎಲ್ಲ ಹಾಡನ್ನೂ ಮೂಲ ಶ್ರುತಿಯಲ್ಲೇ ಹಾಡಬೇಕು ಅನ್ನೋ ಹಟ ನಮ್ಮ ಕಡೆ ಜಾಸ್ತಿ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಅನ್ನೋ ಗುಂಡಿ ಒತ್ತಿದರೆ ಶ್ರುತಿ ಅರ್ಧ ಮನೆ ಇಳಿಯುತ್ತದೆ, ಗಿಟಾರಿನವರಿಗಷ್ಟೇ ಸ್ವಲ್ಪ ಕೆಲಸ. ಕೇಳುವವರಿಗೆ ವ್ಯತ್ಯಾಸ ಗೊತ್ತಾಗೋದೂ ಕಮ್ಮಿ. ಹಾಡುಗಳ ಸಾಲನ್ನೂ ಬದಲಾಯಿಸಿದೆವು. ಎತ್ತರದ ಎರಡು ಹಾಡು ಒಟ್ಟಿಗೆ ಬರದ ಹಾಗೆ ನಡುವೆ ಡ್ಯುಯೆಟ್ ಅಥವಾ ವಾದ್ಯ ಇಡುತ್ತೇವೆ. ಎಲ್ಲರಿಗೂ ಗೊತ್ತಿರೋ ಹಾಡಾದರೆ ಎರಡನೇ ಸಲ ಪಲ್ಲವಿ ಬರುವಾಗ ಮೈಕನ್ನು ಜನರ ಕಡೆ ಹಿಡಿಯುತ್ತೇನೆ. ಮೊದಮೊದಲು ಮುಂದಿನ ಸಾಲಿನ ಮಕ್ಕಳು ಮಾತ್ರ ಹಾಡುತ್ತಿದ್ದರು, ಈಗ ಹಿಂದೆ ನಿಂತವರೂ ಸೇರುತ್ತಾರೆ, ಚರಣದ ಎತ್ತರದ ಜಾಗಕ್ಕೆ ಬರುವಾಗ ನನ್ನ ಗಂಟಲು ಇನ್ನೂ ಉಳಿದಿರುತ್ತದೆ.