ವಿದ್ಯಾರ್ಥಿಗಳೇ ನಡೆಸುವ ಜಪಾನಿ ಸಾಂಸ್ಕೃತಿಕ ಹಬ್ಬ: ಊರಿನವರನ್ನು ಒಳಗೊಳ್ಳುವ ಬಗೆ

ಜಪಾನಿನ ಶಾಲೆಗಳಲ್ಲಿ ಬುಂಕಾಸಾಯ್ ಎಂಬ ಸಾಂಸ್ಕೃತಿಕ ಹಬ್ಬವನ್ನು ಬಹುಮಟ್ಟಿಗೆ ವಿದ್ಯಾರ್ಥಿಗಳೇ ನಡೆಸುತ್ತಾರೆ. ಒಂದೊಂದು ತರಗತಿಯೂ ತನ್ನ ಕೋಣೆಯನ್ನು ಚಹಾದಂಗಡಿಯಾಗಿಯೋ ಭೂತದ ಮನೆಯಾಗಿಯೋ ಮಾರ್ಪಡಿಸುತ್ತದೆ. ಹೆತ್ತವರೂ ನೆರೆಹೊರೆಯವರೂ ಬಂದು ಕೋಣೆಯಿಂದ ಕೋಣೆಗೆ ಸುತ್ತಾಡುತ್ತಾರೆ. ಜಪಾನಿನ ಹೊರಗೆ ಇಂಥ ಹಬ್ಬಕ್ಕೆ ಕೈಹಾಕುವ ವಿದ್ಯಾರ್ಥಿ ಸಂಘಗಳು ಈ ಸುತ್ತಾಟವನ್ನು ಕೈಬಿಟ್ಟು, ಭಾಷಣ ಮತ್ತು ಪ್ರದರ್ಶನಗಳ ವೇದಿಕೆಗೆ ಜೋತುಬೀಳುವುದುಂಟು. ಬಂದವರೆಲ್ಲ ವೇದಿಕೆಗೆ ಮುಖಮಾಡಿ ಕುಳಿತರೆ ಪಕ್ಕದವರೊಡನೆ ಮಾತಾಡುವ ಸಂದರ್ಭವೇ ಒದಗುವುದಿಲ್ಲ. ಆದುದರಿಂದ ಕಾರ್ಯಕ್ರಮಪಟ್ಟಿ ಸಿದ್ಧಪಡಿಸುವಾಗ ಪ್ರತಿಯೊಂದು ಬಾಬಿನ ಎದುರಿಗೂ, ಅಲ್ಲಿಗೆ ಬಂದ ಅಪರಿಚಿತರು ತಮ್ಮ ಕೈಯಾರೆ ಏನು ಮಾಡುತ್ತಾರೆ ಎಂಬುದನ್ನು ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಬಾಬನ್ನು ಕೈಬಿಡುವುದೇ ಲೇಸು.

ದಿನಾಂಕವನ್ನು ಜಪಾನಿನ ಪಂಚಾಂಗಕ್ಕೆ ಹೊಂದಿಸಿಕೊಂಡರೆ ಅಲಂಕಾರದ ಅರ್ಧ ಕೆಲಸ ತಾನಾಗಿ ಮುಗಿಯುತ್ತದೆ. ಜುಲೈ 7ರ ತನಾಬಾತಾ ಹಬ್ಬದಲ್ಲಿ ಬಣ್ಣದ ಕಾಗದದ ಪಟ್ಟಿಗಳಲ್ಲಿ ಕೋರಿಕೆಗಳನ್ನು ಬರೆದು ಬಿದಿರಿಗೆ ಕಟ್ಟುತ್ತಾರೆ. ಬಾಗಿಲಲ್ಲೇ ಒಂದು ಬಿದಿರನ್ನು ನಿಲ್ಲಿಸಿದರೆ ಒಳಗೆ ಬರುವ ಪ್ರತಿಯೊಬ್ಬರೂ ಮೊದಲ ನಿಮಿಷದಲ್ಲೇ ಹಬ್ಬದ ಪಾಲುದಾರರಾಗುತ್ತಾರೆ. ಆಗಸ್ಟ್ ನಡುವಿನ ಓಬೊನ್ ಎಂಬ ಪಿತೃಗಳ ಹಬ್ಬ ಮತ್ತು ನವೆಂಬರ್ 3ರ ಸಂಸ್ಕೃತಿ ದಿನವೂ ಸೂಕ್ತವಾದವೇ, ಆದರೆ ಪರೀಕ್ಷೆಯ ವೇಳಾಪಟ್ಟಿಯನ್ನು ನೋಡದೆ ಯಾವುದನ್ನೂ ನಿಗದಿಪಡಿಸಬೇಡಿ.

ಇಡೀ ಹಬ್ಬದ ನಡುಗಂಬವೆಂದರೆ ಬೊನ್ ಒದೊರಿ. ಯಾಗುರಾ ಎಂಬ ಎತ್ತರದ ಕಟ್ಟೆಯ ಸುತ್ತ ಜನರು ವೃತ್ತಾಕಾರವಾಗಿ ಕುಣಿಯುವ ಈ ನೃತ್ಯದಲ್ಲಿ ಕೆಲವೇ ಹೆಜ್ಜೆಗಳು ಮರುಕಳಿಸುತ್ತವೆಯಾದ್ದರಿಂದ, ಮುಂದಿನವರನ್ನು ನೋಡುತ್ತಲೇ ಯಾರು ಬೇಕಾದರೂ ಕಲಿಯಬಹುದು. ಕ್ಯೂಶೂ ದ್ವೀಪದ ಕಲ್ಲಿದ್ದಲು ಗಣಿಗಳಿಂದ ಬಂದ ತಾಂಕೊ ಬುಶಿ ಎಂಬ ನೃತ್ಯವನ್ನು ಮೊದಲಿಗೆ ಆರಿಸಿಕೊಳ್ಳಿ: ಅಗೆಯುವುದು, ಹೆಗಲ ಮೇಲಿಂದ ಹಿಂದಕ್ಕೆ ಎಸೆಯುವುದು, ಬಂಡಿ ತಳ್ಳುವುದು ಇವೇ ಅದರ ಚಲನೆಗಳಾದ್ದರಿಂದ ಮಕ್ಕಳಿಗೂ ಮುದುಕರಿಗೂ ವಿವರಣೆ ಬೇಕಾಗುವುದಿಲ್ಲ. ಹಬ್ಬಕ್ಕೆ ಕೆಲವು ವಾರಗಳ ಮೊದಲೇ ಸಂಜೆಯ ಅಭ್ಯಾಸಗಳನ್ನು ಏರ್ಪಡಿಸಿ, ಸುತ್ತಲಿನ ನಿವಾಸಿಗಳನ್ನು ಅವುಗಳಿಗೂ ಕರೆಯಿರಿ. ನನ್ನ ದೃಷ್ಟಿಯಲ್ಲಿ ಹಬ್ಬದ ದಿನಕ್ಕಿಂತ ಈ ಅಭ್ಯಾಸಗಳೇ ಹೆಚ್ಚು ಪರಿಚಯಗಳನ್ನು ಬೆಳೆಸುತ್ತವೆ. ಆ ದಿನ ಅಭ್ಯಾಸ ಮಾಡಿದವರು ಒಂದೆಡೆ ಗುಂಪಾಗಿ ನಿಲ್ಲದೆ ವೃತ್ತದ ಉದ್ದಕ್ಕೂ ಹರಡಿಕೊಳ್ಳಬೇಕು. ತಾಯ್ಕೊ ಡೋಲಿನ ಸದ್ದು ಬಹುದೂರ ಕೇಳುವುದರಿಂದ ಅಕ್ಕಪಕ್ಕದ ಮನೆಗಳಿಗೆ ಮುಂಚಿತವಾಗಿ ಸಮಯ ತಿಳಿಸುವುದು ಸೌಜನ್ಯ.

ಯುಕಾತಾ ಎಂಬ ಬೇಸಿಗೆಯ ತೆಳು ಕಿಮೊನೊ ತೊಡಿಸುವ ಮಳಿಗೆಯಿದ್ದರೆ ಅಲ್ಲಿ ಬಲ್ಲವರನ್ನೇ ನಿಲ್ಲಿಸಿರಿ. ತೊಟ್ಟವರ ಎಡ ಅಂಚು ಬಲ ಅಂಚಿನ ಮೇಲೆ ಬರಬೇಕು. ಇದಕ್ಕೆ ವಿರುದ್ಧವಾಗಿ ಮಡಿಸುವುದು ಶವಕ್ಕೆ ಬಟ್ಟೆ ತೊಡಿಸುವ ರೀತಿ. ಅಕ್ಷರಕಲೆಯ ಮಳಿಗೆಯಲ್ಲಿ ನೀರು ತಾಗಿದಾಗ ಮಾತ್ರ ಕಪ್ಪಾಗಿ, ಒಣಗಿದ ಮೇಲೆ ಮಾಸಿಹೋಗುವ ಹಾಳೆಗಳನ್ನು ಬಳಸುವುದು ಜಾಣತನ, ಏಕೆಂದರೆ ಸುಮಿ ಶಾಯಿ ಬಟ್ಟೆಯಿಂದ ಸುಲಭವಾಗಿ ಹೋಗುವುದಿಲ್ಲ. ಒರಿಗಾಮಿಯಲ್ಲಿ ಎಲ್ಲರೂ ಕೊಕ್ಕರೆಯನ್ನೇ ಕೇಳುತ್ತಾರೆ, ಆದರೆ ಹೊಸಬರಿಗೆ ಹಳೆಯ ಪತ್ರಿಕೆಯಿಂದ ಮಡಿಸುವ ಕಬುತೊ ಶಿರಸ್ತ್ರಾಣವೇ ಸರಿ. ಮಡಿಸಿ ಮುಗಿದೊಡನೆ ಅದನ್ನು ತಲೆಗೇರಿಸಿಕೊಳ್ಳಬಹುದು.

ಊಟದ ಮಳಿಗೆಗಳಲ್ಲಿ ಎಚ್ಚರ ಹೆಚ್ಚು ಬೇಕು. ತಕೊಯಾಕಿ (ಆಕ್ಟೋಪಸ್ ತುಂಡು ತುಂಬಿದ ಹಿಟ್ಟಿನ ಉಂಡೆ), ಒಕೊನೊಮಿಯಾಕಿ (ಎಲೆಕೋಸಿನ ದಪ್ಪ ದೋಸೆ), ಮಿಸೊ ಸಾರು (ಹುದುಗಿಸಿದ ಸೋಯಾ ಹಿಟ್ಟಿನ ಸಾರು) ಮುಂತಾದವುಗಳಲ್ಲಿ ಒಣಮೀನಿನಿಂದ ತೆಗೆದ ದಾಶಿ ಎಂಬ ರಸ ಸಾಮಾನ್ಯವಾಗಿ ಇರುವುದರಿಂದ, ಕಣ್ಣಿಗೆ ಮೀನು ಕಾಣದ ತಿನಿಸೂ ಸಸ್ಯಾಹಾರವೆಂದು ಹೇಳಲಾಗದು. ಕೊಂಬು ಕಡಲಪಾಚಿ ಮತ್ತು ಒಣ ಶೀತಾಕೆ ಅಣಬೆಯಿಂದ ದಾಶಿ ತಯಾರಿಸಿದರೆ ರುಚಿಯೂ ಉಳಿಯುತ್ತದೆ, ಹೆಚ್ಚು ಜನರೂ ತಿನ್ನಬಲ್ಲರು. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ, ಅಡುಗೆಗೆ ಬಳಸುವ ಸಿಹಿ ಅಕ್ಕಿರಸವಾದ ನಿಜವಾದ ಮಿರಿನ್‌ನಲ್ಲಿ ಮದ್ಯಸಾರವಿರುತ್ತದೆ. ಇವೆಲ್ಲವನ್ನೂ ಮಳಿಗೆಯ ಮುಂದೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಬೇಕು. ಮೋಚಿ ಎಂಬ ಅಂಟು ಅಕ್ಕಿಯ ಕಡುಬನ್ನು ಚಿಕ್ಕ ತುಂಡುಗಳಾಗಿಯೇ ಕೊಡಿ, ಅದು ಗಂಟಲಲ್ಲಿ ಸಿಕ್ಕಿಕೊಂಡು ಜಪಾನಿನಲ್ಲೇ ವೃದ್ಧರು ಸಾಯುವುದುಂಟು. ಮಚ್ಚಾ ಎಂಬ ಪುಡಿಮಾಡಿದ ಹಸಿರು ಚಹಾವನ್ನು ಒಂದು ಬಟ್ಟಲಿಗೆ ಸುಮಾರು 2 ಗ್ರಾಂ ಪುಡಿ ಮತ್ತು 80 ಡಿಗ್ರಿ ಸೆಲ್ಸಿಯಸ್‌ನ ನೀರಿನಿಂದ ಕಡೆಯಬಹುದು. ಸಿಹಿಯನ್ನು ಚಹಾಕ್ಕಿಂತ ಮೊದಲು ಕೊಡುವುದು ರೂಢಿ.

ಹಣಕ್ಕಾಗಿ ದೊಡ್ಡ ಪ್ರಾಯೋಜಕರೊಬ್ಬರನ್ನು ಹುಡುಕುವುದಕ್ಕಿಂತ, ಜಪಾನಿನ ಬೀದಿಹಬ್ಬಗಳಲ್ಲಿ ನಡೆಯುವಂತೆ ದಾನಿಗಳ ಹೆಸರುಗಳನ್ನು ಕಾಗದದ ಗೂಡುದೀಪಗಳ ಮೇಲೆ ಬರೆದು ಸಾಲಾಗಿ ತೂಗುಹಾಕುವುದು ಉತ್ತಮ: ಸಣ್ಣ ಅಂಗಡಿಯವರೂ ಕೊಡಬಲ್ಲರು, ತಮ್ಮ ದೀಪವನ್ನು ನೋಡಲು ಮನೆಮಂದಿಯೊಡನೆ ಬರುತ್ತಾರೆ.

ಈ ವರ್ಷದ ಸಂಘಟಕರು ಮುಂದಿನ ವರ್ಷ ಪದವಿ ಮುಗಿಸಿ ಹೋಗಿರುತ್ತಾರೆ. ಹಾಗಾಗಿ ಮೈದಾನವನ್ನು ಶುಚಿಗೊಳಿಸಿದ ವಾರದೊಳಗೆ ಖರ್ಚಿನ ರಶೀದಿಗಳು, ಅನುಮತಿ ಪತ್ರಗಳ ಪ್ರತಿಗಳು, ಎರವಲು ತಂದ ಡೋಲು ಬಟ್ಟೆಗಳ ಪಟ್ಟಿ, ಯಾವ ಮಳಿಗೆಯಲ್ಲಿ ಎಷ್ಟು ಹೊತ್ತಿಗೆ ಸಾಮಾನು ಮುಗಿಯಿತು ಎಂಬ ಟಿಪ್ಪಣಿ, ಹಾಗೂ ಅಭ್ಯಾಸಕ್ಕೆ ಬಂದ ಊರಿನವರಲ್ಲಿ ಒಪ್ಪಿದವರ ದೂರವಾಣಿ ಸಂಖ್ಯೆಗಳನ್ನು ಒಂದೇ ಕಡತದಲ್ಲಿ ಸೇರಿಸಿ ಕಿರಿಯರಿಗೆ ಒಪ್ಪಿಸಿರಿ.