ಪ್ರಾರ್ಥನೆ ಒಪ್ಪಿಸೋದು ಬಿಟ್ಟು ಯೇಸುವಿನ ಜೊತೆ ಮಾತಿಗೆ ಕೂತಾಗ

ಪ್ರಾರ್ಥನೆ ತಪ್ಪಿಸಿದ ದಿನಗಳು ನನಗೆ ಜಾಸ್ತಿ ಇಲ್ಲ. ಆದರೆ ಯೇಸುವಿನ ಜೊತೆ ನಿಜವಾಗಿ ಮಾತಾಡಿದ ದಿನ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಲು ಹೋದರೆ ಒಂದೂ ನೆನಪಿಗೆ ಬರಲಿಲ್ಲ. ರಾತ್ರಿ ಮೊಣಕಾಲೂರಿ ಸ್ತೋತ್ರ, ಮನೆಯವರ ಹೆಸರುಗಳು, ಬೇಡಿಕೆ, ಆಮೆನ್. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ ಮಲಗುತ್ತಿದ್ದೆ.

ಆಗ ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಪುಸ್ತಕಗಳಲ್ಲಿ ಒಂದಾದ ಮಾರ್ಕನ ಸುವಾರ್ತೆ ಹಿಡಿದೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ ಅಷ್ಟೇ, ಒಂದು ಸಂಜೆ ಕೂತರೆ ಮುಗಿಯುತ್ತದೆ. ನಾನು ಮಾತ್ರ ದಿನಕ್ಕೆ ಒಂದೇ ಘಟನೆ ಓದಿದೆ. ಓದಿ, ಪುಸ್ತಕ ಮುಚ್ಚಿ, ಆ ಗುಂಪಿನಲ್ಲಿ ನಾನಿದ್ದರೆ ಎಲ್ಲಿ ನಿಂತಿರುತ್ತಿದ್ದೆ, ಯೇಸು ನನ್ನ ಕಡೆ ತಿರುಗಿದರೆ ಏನು ಹೇಳುತ್ತಿದ್ದೆ ಅಂತ ಸುಮ್ನೆ ಕೂತಿರುತ್ತಿದ್ದೆ. ಬೆಳಿಗ್ಗೆ ಹತ್ತೇ ನಿಮಿಷ, ಬಾಗಿಲು ಹಾಕಿ, ಫೋನ್ ಆಚೆ ಕೋಣೆಯಲ್ಲಿಟ್ಟು.

10ನೇ ಅಧ್ಯಾಯದಲ್ಲಿ ಬಾರ್ತಿಮಾಯ ಬರುತ್ತಾನೆ. ಯೆರಿಕೋ ಊರಿನ ಹೊರಗೆ ದಾರಿ ಪಕ್ಕ ಕೂತು ಭಿಕ್ಷೆ ಬೇಡುವ ಕುರುಡ. ಜನ ಬಾಯಿ ಮುಚ್ಚು ಅಂತ ಗದರಿಸಿದಷ್ಟೂ ಅವನು ಜೋರಾಗಿ ಕೂಗುತ್ತಾನೆ. ಯೇಸು ನಿಂತು, ಅವನನ್ನು ಕರೆಸಿ, ನಾನು ನಿನಗೆ ಏನು ಮಾಡಬೇಕು ಅಂತ ಕೇಳುತ್ತಾನೆ. ಕಣ್ಣು ಕಾಣದವನಿಗೆ ಏನು ಬೇಕು ಅಂತ ಯಾರಿಗಾದರೂ ಗೊತ್ತಾಗುತ್ತೆ ಅಲ್ವಾ? ಆದರೂ ಕೇಳಿದ. ಅದು ಅವನ ಬಾಯಿಂದಲೇ ಬರಲಿ ಅಂತ ಕೇಳಿದ ಅನ್ನೋದು ನನ್ನ ನಂಬಿಕೆ.

ಅವತ್ತು ಅದು ನನ್ನನ್ನೇ ಕೇಳಿದ ಹಾಗಾಯಿತು. ಸಮಾಧಾನ ಕೊಡು ಸ್ವಾಮಿ ಅನ್ನಲು ಹೊರಟೆ, ಮಾತು ಅಲ್ಲೇ ನಿಂತಿತು. ಯಾಕಂದರೆ ನನಗೆ ಬೇಕಾಗಿದ್ದು ಅದಲ್ಲ. ತಮ್ಮನ ಜೊತೆ ಮಾತು ಬಿಟ್ಟು ಎರಡು ವರ್ಷ ಆಗಿತ್ತು, ಅವನೇ ಬಂದು ನನ್ನ ಮುಂದೆ ತಲೆ ತಗ್ಗಿಸಲಿ ಅನ್ನೋದು ಒಳಗಿದ್ದ ಆಸೆ. ಅದನ್ನೇ ಹೇಳಿಬಿಟ್ಟೆ, ಗಟ್ಟಿಯಾಗಿ. ಹೇಳಿದ ಮೇಲೆ ನಾಚಿಕೆಯಾಯಿತು, ಅಳು ಬಂತು. ಆದರೆ ಯಾರೂ ನನ್ನನ್ನು ಆಚೆ ತಳ್ಳಿದ ಹಾಗೆ ಅನಿಸಲಿಲ್ಲ. ಆ ಕೋಣೆಯಲ್ಲಿ ನಾನೊಬ್ಬನೇ ಇಲ್ಲ ಅಂತ ಮೊದಲ ಸಲ ಅನಿಸಿದ್ದು ಆಗಲೇ.

ಆಮೇಲೆ ಸಿಂಗಾರದ ಮಾತು ಕಡಿಮೆಯಾಯಿತು. ಕೋಪ ಬಂದರೆ ಕೋಪ, ಬೇಜಾರಾದರೆ ಬೇಜಾರು, ನಡೆಯುವಾಗ, ಪಾತ್ರೆ ತೊಳೆಯುವಾಗ ಒಂದೊಂದು ಸಾಲು. ಏನೂ ಅನಿಸದ ವಾರಗಳೂ ಬಂದವು, ಗೋಡೆಗೆ ಹೇಳಿದ ಹಾಗೆ. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು 88ನೇ ಕೀರ್ತನೆ. ಬೇರೆ ಅಳುವ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಭರವಸೆಗೆ ತಿರುಗುತ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಅದಕ್ಕೂ ಬೈಬಲಿನಲ್ಲಿ ಜಾಗ ಇದೆ ಅಂದಮೇಲೆ ನನ್ನ ಒಣಗಿದ ಪ್ರಾರ್ಥನೆಗೂ ಇದೆ ಅಂದುಕೊಂಡು ಅದನ್ನೇ ಓದಿ ಎದ್ದು ಹೋಗುತ್ತಿದ್ದೆ.

ತಮ್ಮನ ವಿಷಯ ದಿನಾ ಹೇಳುತ್ತಿದ್ದೆ. ಹೇಳ್ತಾ ಹೇಳ್ತಾ, ಯಾವತ್ತು ಅಂತ ಗೊತ್ತಿಲ್ಲ, ಅವನು ತಲೆ ತಗ್ಗಿಸಲಿ ಅನ್ನೋದು ಹೋಗಿ ಅವನು ಚೆನ್ನಾಗಿರಲಿ ಅನ್ನೋದು ಬಂತು. ಒಂದು ಭಾನುವಾರ ನಾನೇ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ "ಹೇಳಣ್ಣಾ" ಅಂದ.

ಫೋನ್ ಇಟ್ಟು, ಅದನ್ನೆಲ್ಲ ಮೊದಲಿಂದ ಯೇಸುವಿಗೆ ಹೇಳಿದೆ, ಅವನಿಗೆ ಗೊತ್ತಿದ್ದದ್ದೇ ಆದರೂ.