ಹೊಡೆಯದ ಮೆಣಸಲ್ಲಿ ಸಿಕ್ಕ ಔಷಧಿ

ಕಾಳುಮೆಣಸಲ್ಲಿ ಕೀಟನಾಶಕದ ಉಳಿಕೆ ಹುಡುಕುವ ವಿಧಾನವನ್ನು ಹಾಸನದ ನಮ್ಮ ಲ್ಯಾಬಿನಲ್ಲಿ ಶುರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಬೇಕಾಗಿದ್ದು ಔಷಧಿಯೇ ಸೋಕದ ಮೆಣಸು. ಮೆಣಸಿನ ಎಣ್ಣೆ, ಖಾರ ಕೊಡುವ ಪೈಪರಿನ್, ಎಲ್ಲವೂ ಔಷಧಿ ಎಳೆಯಲು ಹಾಕುವ ದ್ರಾವಕದ ಜೊತೆ ಬಂದುಬಿಡುತ್ತವೆ. ಇವಿದ್ದರೆ ಔಷಧಿಗಳನ್ನು ಆವಿ ಮಾಡಿ ಬೇರ್ಪಡಿಸಿ ಅಳೆಯುವ ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ) ಯಂತ್ರ ಎಷ್ಟೋ ಔಷಧಿಗಳನ್ನು ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಅದಕ್ಕೇ ಹೋಲಿಸಿ ನೋಡುವ ಸ್ಟ್ಯಾಂಡರ್ಡನ್ನು ಬರೀ ದ್ರಾವಕದಲ್ಲಿ ಮಾಡುವಂತಿಲ್ಲ, ಶುದ್ಧ ಮೆಣಸಿನ ರಸದಲ್ಲೇ ಮಾಡಬೇಕು.

ಮೂಡಿಗೆರೆಯ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಮೆಣಸಿಗೆ ಇದುವರೆಗೂ ಏನೂ ಹೊಡೆದಿಲ್ಲ ಕಣೆ, ಎಷ್ಟು ಬೇಕೋ ತಗೊಂಡು ಹೋಗು" ಅಂದರು. ಒಂದು ಕೆಜಿ ತಂದೆ.

ಕಾಳನ್ನು ಹಾಗೇ ಮಿಕ್ಸಿಗೆ ಹಾಕಿದರೆ ಬಿಸಿಗೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಪುಡಿ ಮಾಡಿದೆ. 50 ಮಿಲಿ ಟ್ಯೂಬಿಗೆ 2 ಗ್ರಾಂ ಪುಡಿ, 10 ಮಿಲಿ ನೀರು. ಈ ನೆನೆಸುವ ಹೊತ್ತೇ ಮುಖ್ಯ. ನಾವೇ ಗೊತ್ತಿದ್ದಷ್ಟು ಔಷಧಿ ಸೇರಿಸಿ ಎಷ್ಟು ವಾಪಸ್ ಸಿಗುತ್ತದೆ ಅಂತ ನೋಡುತ್ತೇವೆ, 70ರಿಂದ 120 ಪರ್ಸೆಂಟ್ ಒಳಗಿರಬೇಕು. ಹತ್ತು ನಿಮಿಷ ನೆನೆಸಿದಾಗ ನನಗೆ ಸಿಕ್ಕಿದ್ದು 58. ಅರ್ಧ ಗಂಟೆ ಬಿಟ್ಟಾಗ 86ಕ್ಕೆ ಬಂತು.

ಆಮೇಲೆ 10 ಮಿಲಿ ಅಸಿಟೋನೈಟ್ರೈಲ್ ಅನ್ನುವ ದ್ರಾವಕ ಹಾಕಿ ಕುಲುಕಿ, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು. ಇದು 2003ರಲ್ಲಿ ಬಂದ ಕ್ವೆಚರ್ಸ್ ವಿಧಾನ. ಸಲ್ಫೇಟ್ ಬಿದ್ದ ಕ್ಷಣ ನೀರು ಹೀರಿ ಟ್ಯೂಬ್ ಕೈಯಲ್ಲೇ ಬಿಸಿಯಾಗುತ್ತದೆ. ತಕ್ಷಣ ಜೋರಾಗಿ ಕುಲುಕಬೇಕು, ಒಂದು ಗಳಿಗೆ ತಡವಾದರೂ ತಳದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕುಲುಕಿ ಐಸಿನಲ್ಲಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೇಲೆ ಹಸಿರುಗಂದು ಪದರ ನಿಲ್ಲುತ್ತದೆ. ಅದನ್ನು ಕೊಬ್ಬು, ಆಮ್ಲದಂಥ ಕಲ್ಮಶ ಹೀರುವ ಪಿಎಸ್‌ಎ, ಸಿ18 ಪುಡಿಗಳಿಂದ ತಿಳಿ ಮಾಡಿದೆ. ಇಂಗಾಲದ ಪುಡಿ ಹಾಕಿದರೆ ಬಣ್ಣ ಚೆನ್ನಾಗಿ ಹೋಗುತ್ತದೆ, ಆದರೆ ಕ್ಲೋರೋಥಲೋನಿಲ್ ಥರದ ಶಿಲೀಂಧ್ರನಾಶಕವನ್ನೂ ಎಳೆದುಕೊಳ್ಳುತ್ತದೆ. ನಾನು ಹಾಕಲಿಲ್ಲ. ನೋಡಲು ಚೆಂದ ಇರಲಿ ಅಂತ ಔಷಧಿಯನ್ನೇ ಕಳೆದುಕೊಳ್ಳುವುದು ಯಾಕೆ?

ಚಿಕ್ಕಪ್ಪನ ಮೆಣಸನ್ನು ಏನೂ ಬೆರೆಸದೆ ಹಾಗೇ ಓಡಿಸಿದೆ. ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ಬರುವ ಸಮಯಕ್ಕೆ ಸರಿಯಾಗಿ ಯಂತ್ರದ ಗ್ರಾಫಿನಲ್ಲಿ ಒಂದು ಸಣ್ಣ ಗುಡ್ಡ ಎದ್ದಿತು. ಎದೆ ಧಸಕ್ಕೆಂದಿತು. ನನ್ನ ಗಾಜಿನ ಸಾಮಾನಿನದೇ ಕೊಳೆಯಿರಬೇಕು ಅಂದುಕೊಂಡು, ಮೆಣಸೇ ಇಲ್ಲದೆ ಎಲ್ಲ ಹಂತ ಮಾಡಿ ಓಡಿಸಿದೆ. ಅಲ್ಲಿ ಏನೂ ಇಲ್ಲ. ಮೆಣಸಿನದರಲ್ಲಿ ಮಾತ್ರ, ಕ್ಲೋರ್‌ಪೈರಿಫಾಸ್ ಯಂತ್ರದೊಳಗೆ ಒಡೆದಾಗ ಸಿಗುವ ಚೂರುಗಳ ತೂಕ, 314ರಿಂದ 258, 314ರಿಂದ 286, ಎರಡೂ ಗುರುತು ಸರಿಯಾದ ಅನುಪಾತದಲ್ಲೇ ಇದ್ದವು. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಭಾನುವಾರ ತೋಟಕ್ಕೆ ಹೋಗಿ ಮೆಲ್ಲಗೆ ಕೇಳಿದೆ. ಚಿಕ್ಕಪ್ಪ ಸುಳ್ಳು ಹೇಳಿರಲಿಲ್ಲ. ಬಳ್ಳಿಗೆ ಹೊಡೆದಿರಲಿಲ್ಲ. ಆದರೆ ಅಕ್ಟೋಬರಿನಲ್ಲಿ ಕಾಂಡ ಕೊರೆಯುವ ಬೋರರ್ ಹುಳಕ್ಕೆ ಅಂತ ಅರೇಬಿಕಾ ಕಾಫಿಯ ಕಾಂಡಗಳಿಗೆ ಕ್ಲೋರ್‌ಪೈರಿಫಾಸ್ ಹೊಡೆಸಿದ್ದರು. ಪಕ್ಕದ ಸಿಲ್ವರ್ ಮರದ ಬಳ್ಳಿಯಲ್ಲಿ ಆಗ ಹಸಿ ಕಾಳು ತುಂಬಿರುತ್ತದಲ್ಲ! ಮೂರು ಕೆಜಿ ಹಸಿ ಮೆಣಸು ಒಣಗಿದರೆ ಒಂದು ಕೆಜಿ ಆಗುತ್ತದೆ. ನೀರು ಹೋಗುತ್ತದೆ, ಔಷಧಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಚಿಕ್ಕಪ್ಪ ತುಂಬಾ ಹೊತ್ತು ಕಣದ ಕಡೆಗೇ ನೋಡುತ್ತಿದ್ದರು. "ಹಂಗಾದ್ರೆ ರೌಂಡಪ್ಪೂ ಸಿಕ್ತಾ?" ಅಂದರು.

ಅದು ಸಿಕ್ಕಿರಲಿಲ್ಲ. ಸಿಗುವಂತೆಯೂ ಇರಲಿಲ್ಲ, ಅದನ್ನು ಅವರಿಗೆ ಬಿಡಿಸಿ ಹೇಳಿದೆ. ಕಳೆಗೆ ಹೊಡೆಯುವ ರೌಂಡಪ್ಪಿನಲ್ಲಿರುವ ಗ್ಲೈಫೊಸೇಟ್ ನೀರನ್ನು ಬಿಟ್ಟು ಬರುವುದೇ ಇಲ್ಲ. ನಾನು ತೆಗೆದ ಮೇಲಿನ ಪದರಕ್ಕೆ ಅದು ಏರುವುದಿಲ್ಲ, ಕೆಳಗಿನ ನೀರಿನಲ್ಲೇ ಉಳಿದುಬಿಡುತ್ತದೆ. ಅದಕ್ಕೆ ಆಮ್ಲ ಬೆರೆಸಿದ ಮೆಥನಾಲ್, ದ್ರವದಲ್ಲೇ ಬೇರ್ಪಡಿಸುವ ಎಲ್‌ಸಿ ಯಂತ್ರ, ಬೇರೆಯೇ ಪರೀಕ್ಷೆ ಬೇಕು. ಬೆಳೆಗಾರರು ನಮ್ಮ ರಿಪೋರ್ಟಿನಲ್ಲಿ "ಪತ್ತೆಯಾಗಿಲ್ಲ" ಅನ್ನುವ ಸಾಲು ನೋಡಿ ಸಮಾಧಾನವಾಗಿ ಹೋಗುವಾಗ ನನಗೆ ಕಳವಳವಾಗುತ್ತದೆ. ಯಾವ್ಯಾವುದನ್ನು ಹುಡುಕಿದಿರಿ, ಎಷ್ಟು ಸಣ್ಣ ಪ್ರಮಾಣದವರೆಗೆ ಹುಡುಕಿದಿರಿ ಅಂತ ದಯವಿಟ್ಟು ಕೇಳಿ. ಕೇಳಿದರೆ ನಮಗೇನೂ ಬೇಜಾರಿಲ್ಲ.

ಶುದ್ಧ ಮೆಣಸು ಕೊನೆಗೆ ಸಿಕ್ಕಿದ್ದು ಸಕಲೇಶಪುರದ ಗೆಳತಿಯ ಹಿತ್ತಲಿನಲ್ಲಿ. ಕಾಫಿಯೇ ಇಲ್ಲದ ಕಡೆ, ಹಲಸಿನ ಮರಕ್ಕೆ ಹಬ್ಬಿದ ಒಂಟಿ ಬಳ್ಳಿ. ಚಿಕ್ಕಪ್ಪನ ಉಳಿದ ಅರ್ಧ ಕೆಜಿ ಫ್ರೀಜರಿನಲ್ಲಿದೆ. ಗ್ಲೈಫೊಸೇಟ್ ಪರೀಕ್ಷೆ ಶುರುವಾದ ದಿನ ಮೊದಲು ಓಡಿಸುವುದು ಅದನ್ನೇ.